ಹುತ್ತದ ಥರ ಉಸಿರಾಡುವ ಕಟ್ಟಡ: ದಾವಣಗೆರೆ ಬಿಸಿಲಿಗೆ ಆಗುತ್ತಾ?

ಹದಡಿ ರಸ್ತೆ
ಏಪ್ರಿಲ್ 9, ರಾತ್ರಿ 11:20

ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫ್ಯಾನ್ ಹಾಕಿದರೆ ಬಿಸಿ ಗಾಳಿ, ಆರಿಸಿದರೆ ಸೊಳ್ಳೆ. ತಾರಸಿಗೆ ಹೋಗಿ ಮಲಗೋಣ ಎಂದರೆ ನೆಲ ಇನ್ನೂ ಕಾವಲಿ ಥರ ಇದೆ. ಬೆಣ್ಣೆ ಹಾಕುವುದೊಂದೇ ಬಾಕಿ.

ವಿಷಯ ಏನಪ್ಪಾ ಅಂದರೆ, ನಮ್ಮದೊಂದು 30-50 ಸೈಟು ಇದೆ. ಕೆಳಗೆ ಎರಡು ಮಳಿಗೆ, ಮೊದಲ ಮಹಡಿ ಯಾವುದಾದರೂ ಆಫೀಸಿಗೆ ಬಾಡಿಗೆ, ಮೇಲೆ ನಾವು ಇರುವುದು ಅಂತ ಲೆಕ್ಕ. ಪ್ಲಾನ್ ಹಾಕಿಕೊಟ್ಟವರು ಕಂಪ್ಯೂಟರ್‌ನಲ್ಲಿ ಚಿತ್ರ ತೋರಿಸಿದರು. ಮುಂದೆಲ್ಲಾ ನೀಲಿ ಗಾಜು, ಪಕ್ಕದಲ್ಲಿ ಬೆಳ್ಳಿ ಬಣ್ಣದ ಶೀಟು. ಚೆನ್ನಾಗಿಯೇ ಇದೆ. ಆದರೆ ಆ ಗಾಜು ಪಶ್ಚಿಮಕ್ಕೆ ಮುಖ ಮಾಡಿದೆ. ಕೇಳಿದರೆ ‘ಎ.ಸಿ. ಹಾಕುತ್ತಾರೆ ಬಿಡಿ ಸರ್’ ಅಂದರು.

ಅಕ್ಕನ ಮಗ ಇಂಜಿನಿಯರಿಂಗ್ ಕೊನೇ ವರ್ಷ. ಅವನ ಪ್ರಾಜೆಕ್ಟ್ ಪ್ರಕೃತಿಯನ್ನು ನೋಡಿ ಕಲಿತು ಕಟ್ಟಡ ಕಟ್ಟುವುದರ ಬಗ್ಗೆ. ಗೆದ್ದಲು ಹುತ್ತ ನೋಡಿ ಆಫ್ರಿಕಾದಲ್ಲಿ ದೊಡ್ಡ ಕಾಂಪ್ಲೆಕ್ಸ್ ಕಟ್ಟಿದ್ದಾರೆ, ಎ.ಸಿ.ಯೇ ಇಲ್ಲ ಅಂತಾನೆ. ನಮ್ಮೂರಿಗೆ ಇದು ಆಗುತ್ತಾ? ಗೊತ್ತಿದ್ದವರು ಹೇಳಿ. ಸುಮ್ನೆ ವಾಟ್ಸಾಪ್‌ನಲ್ಲಿ ಓದಿದ್ದು ಬೇಡ.

ನಾಗರಪಂಚಮಿ
ರಾತ್ರಿ 11:34

ಅಣ್ಣಾ, ಹುತ್ತ ಕಟ್ಟಿದರೆ ಹಾಲು ಎರೆಯೋಕೆ ಜನ ಬರುತ್ತಾರೆ. ಬಾಡಿಗೆಗಿಂತ ಕಾಣಿಕೆಯೇ ಜಾಸ್ತಿ ಆಗಬಹುದು.

ಸೈಟ್ ಇಂಜಿನಿಯರ್
ಏಪ್ರಿಲ್ 10, ಬೆಳಿಗ್ಗೆ 6:50

ಇಪ್ಪತ್ತು ವರ್ಷದಿಂದ ಇದೇ ಊರಲ್ಲಿ ಕಟ್ಟಿಸುತ್ತಿದ್ದೇನೆ. ಗಾಜಿನ ಮುಖದ್ದೂ ಕಟ್ಟಿಸಿದ್ದೇನೆ, ಹೊಟ್ಟೆಪಾಡು. ಹಾಗಾಗಿ ಬೈಯಬೇಡಿ.

ನಿಮ್ಮ ಅಳಿಯ ಹೇಳಿದ್ದು ಜಿಂಬಾಬ್ವೆಯ ಹರಾರೆಯಲ್ಲಿರುವ ಈಸ್ಟ್‌ಗೇಟ್ ಸೆಂಟರ್. 1996ರಲ್ಲಿ ಶುರುವಾಯಿತು. ವಾಸ್ತುಶಿಲ್ಪಿ ಮಿಕ್ ಪಿಯರ್ಸ್, ಲೆಕ್ಕಾಚಾರ ಅರೂಪ್ ಕಂಪನಿಯದು. ಅಂಗಡಿ, ಆಫೀಸು ಎರಡೂ ಇವೆ. ಇದರ ಗುಟ್ಟು ದೊಡ್ಡದೇನಲ್ಲ. ಕಲ್ಲು, ಇಟ್ಟಿಗೆ, ಕಾಂಕ್ರೀಟು ಹಗಲು ಬಿಸಿ ಹೀರಿಕೊಳ್ಳುತ್ತವೆ. ರಾತ್ರಿ ಹೊರಗೆ ತಂಪಾದ ಮೇಲೆ ದೊಡ್ಡ ಫ್ಯಾನ್‌ಗಳು ಆ ತಂಪು ಗಾಳಿಯನ್ನು ನೆಲದಡಿಯ ಟೊಳ್ಳುಗಳಲ್ಲಿ ಹಾಯಿಸುತ್ತವೆ. ಚಪ್ಪಡಿ ತಣ್ಣಗಾಗುತ್ತದೆ. ಬಿಸಿ ಗಾಳಿ ಮೇಲಿನ ಚಿಮಣಿಗಳಿಂದ ಹೊರಗೆ ಹೋಗುತ್ತದೆ. ಬೆಳಿಗ್ಗೆ ಗಾಳಿ ಕಡಿಮೆ ಮಾಡುತ್ತಾರೆ, ತಣ್ಣಗಿನ ಚಪ್ಪಡಿಯೇ ಮಧ್ಯಾಹ್ನದವರೆಗೆ ತಡೆದುಕೊಳ್ಳುತ್ತದೆ. ಅದೇ ಊರಿನ ಪೂರ್ತಿ ಎ.ಸಿ. ಇರುವ ಕಟ್ಟಡಗಳಿಗಿಂತ ಒಟ್ಟು ವಿದ್ಯುತ್ ಸುಮಾರು 35% ಕಡಿಮೆ ಅಂತ ಲೆಕ್ಕ ಹಾಕಿದ್ದಾರೆ. ಗಮನಿಸಿ, ಫ್ಯಾನ್ ಇದೆ. ಕರೆಂಟೇ ಬೇಡ ಅನ್ನುವ ಕಟ್ಟಡ ಅಲ್ಲ.

ಈಗ ನಮ್ಮೂರು. ಹರಾರೆ ಸುಮಾರು 1,490 ಮೀಟರ್ ಎತ್ತರದಲ್ಲಿದೆ. ಅಲ್ಲಿ ಅತಿ ಬಿಸಿ ಅನ್ನುವ ಅಕ್ಟೋಬರ್‌ನಲ್ಲೂ ಹಗಲು ಸರಾಸರಿ 30 ಡಿಗ್ರಿ ಆಸುಪಾಸು. ನಾವಿರುವುದು 600 ಮೀಟರ್ ಎತ್ತರದಲ್ಲಿ, ಏಪ್ರಿಲ್‌ನಲ್ಲಿ 38 ದಾಟುತ್ತದೆ. ಅವರ ಕಟ್ಟಡವನ್ನು ಎತ್ತಿ ತಂದು ಇಲ್ಲಿಟ್ಟರೆ ಎ.ಸಿ. ಬೇಡ ಅಂತ ನಾನು ಬರೆದುಕೊಡುವುದಿಲ್ಲ. ಆದರೆ ನಮ್ಮಲ್ಲಿ ಒಂದು ಒಳ್ಳೆಯದಿದೆ. ಹಗಲಿಗೂ ಬೆಳಗಿನ ಜಾವಕ್ಕೂ 14-15 ಡಿಗ್ರಿ ವ್ಯತ್ಯಾಸ ಬರುತ್ತದೆ. ಮಂಗಳೂರಿನವರಿಗೆ ಆ ಭಾಗ್ಯ ಇಲ್ಲ. ಆ ರಾತ್ರಿ ತಂಪನ್ನು ನಾವು ಬಾಗಿಲು ಹಾಕಿಕೊಂಡು ಹೊರಗೇ ಬಿಟ್ಟಿದ್ದೇವೆ.

ಲ್ಯಾಬ್ ಮೇಷ್ಟ್ರು
ಏಪ್ರಿಲ್ 10, ಮಧ್ಯಾಹ್ನ 1:15

ಇಂಜಿನಿಯರ್ ಸಾಹೇಬರು ಕಟ್ಟಡದ ಬಗ್ಗೆ ಹೇಳಿದ್ದು ಸರಿ. ಹುತ್ತದ ಬಗ್ಗೆ ಒಂದು ತಿದ್ದುಪಡಿ.

ಹುತ್ತ ಅಂದರೆ ಎ.ಸಿ. ರೂಮು, ಒಳಗೆ ಯಾವಾಗಲೂ ಒಂದೇ ಉಷ್ಣಾಂಶ, ಬಿಸಿ ಗಾಳಿ ಮೇಲಿನಿಂದ ಹೊರಗೆ, ತಂಪು ಗಾಳಿ ಕೆಳಗಿನಿಂದ ಒಳಗೆ, ಹೀಗೊಂದು ಕಥೆ ಎಲ್ಲಾ ಪುಸ್ತಕದಲ್ಲೂ ಇದೆ. ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಎಂಬ ಸಂಶೋಧಕರು ಆಫ್ರಿಕಾದ ಹುತ್ತಗಳನ್ನು ಅಳೆದು ನೋಡಿ 2008ರಲ್ಲಿ ಬರೆದರು: ಅದು ಹಾಗಲ್ಲ. ಗೆದ್ದಲು ವಾಸ ಮಾಡುವುದು ಹೆಚ್ಚಾಗಿ ನೆಲದಡಿ. ಅಲ್ಲಿನ ತಂಪು ಮಣ್ಣಿನದು. ಮೇಲೆ ಕಾಣುವ ಗೋಪುರ ಶ್ವಾಸಕೋಶದ ಹಾಗೆ, ಕೆಟ್ಟ ಗಾಳಿ ಹೊರಗೆ ಹಾಕಿ ಒಳ್ಳೆ ಗಾಳಿ ತೆಗೆದುಕೊಳ್ಳುವುದಕ್ಕೆ.

ಆಮೇಲೆ 2015ರಲ್ಲಿ ವಿಜ್ಞಾನಿ ಎಲ್. ಮಹಾದೇವನ್ ಅವರ ತಂಡ ನಮ್ಮ ಕಡೆಯ ಹುತ್ತವನ್ನೇ ನೋಡಿತು. ಹೊಲದ ಬದುವಿನಲ್ಲಿ ಸೀರೆ ನೆರಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ನಿಂತಿರುತ್ತದಲ್ಲ, ಅದೇ ಜಾತಿ. ಆ ಮಡಿಕೆಗಳು ತೆಳು, ನಡುವಿನ ಕೊಳವೆ ದಪ್ಪ ಮಣ್ಣಿನೊಳಗೆ. ಬಿಸಿಲು ಬಿದ್ದಾಗ ಮಡಿಕೆ ಬೇಗ ಕಾಯುತ್ತದೆ, ಅಲ್ಲಿ ಗಾಳಿ ಮೇಲೇರಿ ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಮಡಿಕೆ ಬೇಗ ಆರುತ್ತದೆ, ಎಲ್ಲವೂ ತಿರುಗುಮುರುಗು. ಅಂದರೆ ಈ ಯಂತ್ರ ಓಡುವುದು ಹಗಲು ರಾತ್ರಿಯ ವ್ಯತ್ಯಾಸದಿಂದಲೇ. ಒಳಗೆ ಕಟ್ಟಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದು ಹೆಚ್ಚಾಗಿ ರಾತ್ರಿ.

ತಪ್ಪು ತಿಳಿದುಕೊಂಡು ಕಟ್ಟಿದ ಕಟ್ಟಡ ಸರಿಯಾಗಿ ಕೆಲಸ ಮಾಡುತ್ತಿದೆ, ನೋಡಿ. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದದ್ದು ಅದೇ. ಅಳಿಯನಿಗೆ ಹೇಳಿ, ವೈವಾ ದಿನ ಯಾರಾದರೂ ಕೇಳುತ್ತಾರೆ.

ಬಿಲ್ ಕಟ್ಟುವವ
ಏಪ್ರಿಲ್ 10, ಸಂಜೆ 7:02

ಎಲ್ಲಾ ಸರಿ. ನಾನು ಇನ್ನೊಬ್ಬರ ಕಾಂಪ್ಲೆಕ್ಸ್‌ನಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಮುಂದೆ ಗಾಜು, ಪಶ್ಚಿಮ ಮುಖ. ಮಧ್ಯಾಹ್ನ ಮೂರರ ಮೇಲೆ ಗಿರಾಕಿ ಕೌಂಟರ್ ಹತ್ತಿರ ನಿಲ್ಲುವುದಿಲ್ಲ. ಎರಡು ಎ.ಸಿ., ಗಾಜಿಗೆ ಒಳಗಿನಿಂದ ಪರದೆ. ಬೆಳಕಿಗೆ ಅಂತ ಗಾಜು ಹಾಕಿ, ಬಿಸಿಲಿಗೆ ಅಂತ ಪರದೆ ಹಾಕಿ, ಕತ್ತಲಾಯಿತು ಅಂತ ಲೈಟು ಹಾಕಿದ್ದೇವೆ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅನ್ನುತ್ತಾರಲ್ಲ, ಇಲ್ಲಿ ಅದೂ ಉಲ್ಟಾ. ಕಟ್ಟಿಸಿದವರು ಆರಾಮ, ಸೇರಿಕೊಂಡ ಹಾವು ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟುತ್ತಿದೆ. ಗಾಜು ಹಾಕುವುದು ಓನರ್ ಇಷ್ಟ, ಬಿಲ್ಲು ನಮ್ಮ ಕಷ್ಟ. ಇದು ಸರಿಹೋಗದೆ ಹುತ್ತ ಅಂತ ಎಷ್ಟು ಮಾತಾಡಿದರೂ ಅಷ್ಟೇ. ಹದಡಿ ರಸ್ತೆ ಸರ್, ನೀವು ಮೇಲೆ ಇರುತ್ತೀರಿ ಅಂತ ಈ ಪ್ರಶ್ನೆ ಕೇಳಿದಿರಿ. ಪೂರ್ತಿ ಬಾಡಿಗೆಗೆ ಕಟ್ಟುತ್ತಿದ್ದರೆ ಕೇಳುತ್ತಿದ್ದಿರಾ?

ಇನ್ನೊಂದು. ರಾತ್ರಿ ಕಿಟಕಿ ತೆರೆದಿಡಿ ಅನ್ನುವುದು ಸುಲಭ. ಸೊಳ್ಳೆ, ಧೂಳು, ಕಳ್ಳರು. ಅಂಗಡಿಗೆ ಇದು ಹೇಗೆ?

ಹದಡಿ ರಸ್ತೆ
ಏಪ್ರಿಲ್ 10, ರಾತ್ರಿ 9:40

ಕೇಳುತ್ತಿರಲಿಲ್ಲ. ಒಪ್ಪಿಕೊಂಡೆ.

ಕೋಟೆ ಊರಿನವಳು
ಏಪ್ರಿಲ್ 11, ಬೆಳಿಗ್ಗೆ 10:05

ಚಿತ್ರದುರ್ಗದಿಂದ. ನಮ್ಮ ಮನೆ ಕೋಟೆ ಬುಡದಲ್ಲಿದೆ. ಬಂಡೆ ಪಕ್ಕ ಬೆಳೆದವರಿಗೆ ಇಂಜಿನಿಯರ್ ಸರ್ ಹೇಳಿದ್ದು ಚರ್ಮಕ್ಕೇ ಗೊತ್ತು. ಹಗಲೆಲ್ಲಾ ಬಿಸಿಲು ಕುಡಿದ ಬಂಡೆ ರಾತ್ರಿ ಹತ್ತಾದರೂ ಉಗುಳುತ್ತಲೇ ಇರುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂರುವ ಹಾಗಿಲ್ಲ. ಅದೇ ಚಂದ್ರವಳ್ಳಿಯ ಅಂಕಲಿಮಠದ ಗುಹೆಗೆ ಇಳಿದು ನೋಡಿ. ಅದೇ ಕಲ್ಲು, ಆದರೆ ಬಿಸಿಲು ಕಾಣದ ಕಲ್ಲು. ಮೇ ತಿಂಗಳಲ್ಲೂ ಮೈ ಜುಮ್ಮೆನ್ನುತ್ತದೆ. ಹಾಗಾಗಿ ದಪ್ಪ ಗೋಡೆ ಒಳ್ಳೆಯದು ಅಂತ ಅರ್ಧ ಹೇಳಬೇಡಿ. ಬಿಸಿಲು ತಾಗದ ಹಾಗೆ ನೆರಳು ಬೇಕು, ರಾತ್ರಿ ಗಾಳಿ ಬೇಕು. ಎರಡೂ ಇಲ್ಲದಿದ್ದರೆ ದಪ್ಪ ಗೋಡೆ ದಪ್ಪ ಶತ್ರು.

ಅಜ್ಜಿ ಊರು ಹಿರಿಯೂರು ಕಡೆ ಹಳ್ಳಿ. ಮಾಳಿಗೆ ಮನೆ. ತೊಲೆ, ಜಂತೆ, ಮೇಲೆ ಒಂದೂವರೆ ಅಡಿ ಮಣ್ಣು. ನಡುವೆ ಬೆಳಕಿಂಡಿ. ಬೆಳಕಿಂಡಿ ಮುಚ್ಚುವುದಕ್ಕೆ ಒಂದು ಕಲ್ಲು ಚಪ್ಪಡಿ. ಮಳೆ ಬಂದರೆ ಮುಚ್ಚಬೇಕು, ಸಂಜೆ ತೆಗೆಯಬೇಕು, ಅದು ಮೊಮ್ಮಕ್ಕಳ ಕೆಲಸ. ನಾವು ಯಾರೂ ಅದನ್ನು ಹುತ್ತದಿಂದ ಕಲಿತೆವು ಅಂದುಕೊಂಡಿರಲಿಲ್ಲ. ಹೊಗೆ ಹೋಗಲಿ ಅಂತ ಇಟ್ಟಿದ್ದು. ಈಗ ಅಲ್ಲಿ ಆರ್.ಸಿ.ಸಿ. ಹಾಕಿ ಕೂಲರ್ ಇಟ್ಟಿದ್ದಾರೆ.

ನೀರಿನ ವಿಷಯ ಯಾರೂ ಎತ್ತಲಿಲ್ಲ. ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡದವರೆಗೆ ಇಳಿದು ಬರುತ್ತದೆ. ಬಂಡೆಯ ಇಳಿಜಾರನ್ನು ಹಾಗೇ ಬಳಸಿಕೊಂಡಿದ್ದಾರೆ. ಪ್ರಕೃತಿಯಿಂದ ಕಲಿಯುವುದು ಅಂದರೆ ನನಗೆ ಮೊದಲು ನೆನಪಾಗುವುದು ಇದು, ಆಫ್ರಿಕಾ ಅಲ್ಲ. 100 ಚದರ ಮೀಟರ್ ತಾರಸಿ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 60,000 ಲೀಟರ್. ಒಂದಷ್ಟು ಹಾಳಾಗಲಿ. ಉಳಿದದ್ದನ್ನಾದರೂ ಮೋರಿಗೆ ಬಿಡಬೇಡಿ. ನಿಮ್ಮ ಗಾಜಿನ ಕಟ್ಟಡದ ಚಿತ್ರದಲ್ಲಿ ಸಂಪು ಇದೆಯಾ, ಕೇಳಿ ನೋಡಿ.

ಹಳೇ ಮಿಲ್ಲು
ಏಪ್ರಿಲ್ 11, ಸಂಜೆ 5:30

ನಾನು ಹತ್ತಿ ಮಿಲ್ಲಲ್ಲಿ ಮೂವತ್ತು ವರ್ಷ ದುಡಿದವನು. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮ ಶೆಡ್ಡಿನ ಸೂರು ಗರಗಸದ ಹಲ್ಲಿನ ಥರ ಇತ್ತು. ಹಲ್ಲಿನ ನೆಟ್ಟಗಿನ ಕಡೆ ಗಾಜು, ಅದು ಉತ್ತರಕ್ಕೆ. ದಿನವೆಲ್ಲಾ ಬೆಳಕು, ಬಿಸಿಲು ಮಾತ್ರ ಒಳಗೆ ಬರುತ್ತಿರಲಿಲ್ಲ. ಗಾಜು ಕೆಟ್ಟದ್ದಲ್ಲ ಸ್ವಾಮಿ, ಎತ್ತ ಕಡೆ ಇಡುತ್ತೀರಿ ಅನ್ನುವುದು ಮುಖ್ಯ.

ಚಿಮಣಿ ಎಳೆಯುತ್ತಾ ಅಂತ ಅನುಮಾನ ಇದ್ದರೆ ಮಂಡಕ್ಕಿ ಭಟ್ಟಿ ಕಡೆ ಹೋಗಿ ಬನ್ನಿ. ಒಳಗೆ ಬಿಸಿ, ಮೇಲೆ ದಾರಿ, ಅಷ್ಟೇ. ಆದರೆ ಅಲ್ಲಿ ಬೆಂಕಿ ಇದೆ. ಮನೆಯಲ್ಲಿ ಎರಡು ಮೂರು ಡಿಗ್ರಿ ವ್ಯತ್ಯಾಸಕ್ಕೆ ಅಷ್ಟು ಜೋರಾಗಿ ಎಳೆಯುವುದಿಲ್ಲ. ಫ್ಯಾನ್ ಇಡಲೇಬೇಕು.

ಕುಂದವಾಡ ವಾಕಿಂಗ್
ಏಪ್ರಿಲ್ 12, ಬೆಳಿಗ್ಗೆ 7:45

ಗಾಜಿನ ಮಾತು ಬಂತು, ಒಂದು ಅಡ್ಡ ಕಥೆ. ದಿನಾ ನಮ್ಮ ಗಾಜಿನ ಮನೆ ಕಡೆ ವಾಕಿಂಗ್ ಹೋಗುತ್ತೇನೆ. ಅದು ಲಾಲ್‌ಬಾಗ್ ಗಾಜಿನ ಮನೆ ನೋಡಿ ಕಟ್ಟಿದ್ದು. ಲಾಲ್‌ಬಾಗಿನದಕ್ಕೆ 1889ರಲ್ಲಿ ಅಡಿಗಲ್ಲು ಇಟ್ಟರು, ಅದಕ್ಕೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್, 1851ರದ್ದು. ಅದನ್ನು ಕಟ್ಟಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟದ ಕೆಲಸದವನು. ಅಮೆಜಾನ್ ಕಡೆಯ ದೈತ್ಯ ನೈದಿಲೆಯನ್ನು 1849ರಲ್ಲಿ ಇಂಗ್ಲೆಂಡಿನಲ್ಲಿ ಹೂ ಬಿಡಿಸಿದ. ಎಲೆ ಎಷ್ಟು ಗಟ್ಟಿ ಎಂದರೆ ತನ್ನ ಪುಟ್ಟ ಮಗಳನ್ನು ಅದರ ಮೇಲೆ ನಿಲ್ಲಿಸಿದ. ತಿರುಗಿಸಿ ನೋಡಿದರೆ ಅಡಿಯಲ್ಲಿ ದಪ್ಪ ನರಗಳು, ಅವುಗಳ ನಡುವೆ ಅಡ್ಡ ನರಗಳು. ತೆಳು ಹಾಳೆಯನ್ನು ಹೊತ್ತುಕೊಂಡಿರುವುದು ಆ ನರಗಳು. ಅದನ್ನೇ ಕಬ್ಬಿಣ ಮತ್ತು ಗಾಜಿನಲ್ಲಿ ಮಾಡಿದ.

ಅಂದರೆ ಕುಂದವಾಡ ಕೆರೆ ಪಕ್ಕದ ಗಾಜಿನ ಮನೆ ಒಂದು ನೀರಿನ ಎಲೆಯ ಮರಿಮಗಳು! ಕಡಿಮೆ ಸಾಮಾನು, ಹೆಚ್ಚು ಬಲ, ಅದು ಎಲೆಯಿಂದ ಕಲಿತ ಪಾಠ. ಆದರೆ ಚಳಿ ದೇಶದಲ್ಲಿ ಗಿಡ ಬೆಚ್ಚಗಿಡಲು ಹುಟ್ಟಿದ ಮನೆ ಅದು. ಗಿಡಕ್ಕೆ ಸರಿ. ಅದರ ತುಂಡನ್ನು ತಂದು ಅಂಗಡಿ ಮುಂದೆ ಅಂಟಿಸಿದರೆ ಅಂಗಡಿಯವನು ಬೇಯದೆ ಇನ್ನೇನು?

ಎಂಸಿಸಿ ಬಿ ಬ್ಲಾಕ್
ಏಪ್ರಿಲ್ 12, ಮಧ್ಯಾಹ್ನ 3:10

ಎಲ್ಲರೂ ಗೋಡೆ ಬಗ್ಗೆ ಹೇಳುತ್ತಿದ್ದೀರಿ. ಮೇಲಿನ ಮಹಡಿಯವರಿಗೆ ಸುಡುವುದು ತಾರಸಿ. ನಾವು ಹೋದ ವರ್ಷ ಮಗಳ ಮದುವೆಗೆ ತಾರಸಿ ಮೇಲೆ ತೆಂಗಿನ ಗರಿ ಚಪ್ಪರ ಹಾಕಿಸಿದೆವು. ಒಂದು ತಿಂಗಳು ಹಾಗೇ ಬಿಟ್ಟಿದ್ದೆವು, ಸೋಮಾರಿತನಕ್ಕೆ. ಕೆಳಗಿನ ಕೋಣೆಯಲ್ಲಿ ಎಷ್ಟು ವ್ಯತ್ಯಾಸ ಅಂತೀರಿ! ಪಕ್ಕದವರು ತಗಡಿನ ಶೀಟು ಹಾಕಿದ್ದಾರೆ, ನೆರಳೂ ಇದೆ, ಅದರ ಕೆಳಗೆ ನಿಂತರೆ ತಲೆ ಸುಡುತ್ತದೆ. ಇದು ಯಾಕೆ ಮೇಷ್ಟ್ರೇ?

ಲ್ಯಾಬ್ ಮೇಷ್ಟ್ರು
ಏಪ್ರಿಲ್ 12, ಸಂಜೆ 6:20

ಒಳ್ಳೆ ಪ್ರಶ್ನೆ ಅಮ್ಮ. ಸಣ್ಣ ವಸ್ತು ತನ್ನ ಬಿಸಿಯನ್ನು ಗಾಳಿಗೆ ಬೇಗ ಕೊಟ್ಟುಬಿಡುತ್ತದೆ. ದೊಡ್ಡ ಹಾಳೆ ಕೊಡಲಾರದೆ ಕಾದು, ಕೆಳಗೆ ನಿಂತವರ ತಲೆಗೆ ಕಾವು ಬೀರುತ್ತದೆ. ಹೊಂಗೆ ಮರದ ಕೆಳಗೆ ತಂಪಿರುವುದು ಎಲೆ ನೀರು ಬಿಡುವುದರಿಂದ ಮಾತ್ರ ಅಲ್ಲ, ಎಲೆಗಳು ಸಣ್ಣವು, ಬಿಡಿಬಿಡಿ, ನಡುವೆ ಗಾಳಿ ಆಡುತ್ತದೆ ಅನ್ನುವುದರಿಂದಲೂ. ಕ್ಯೋಟೊ ವಿಶ್ವವಿದ್ಯಾಲಯದ ಸತೋಶಿ ಸಕಾಯಿ ಇದನ್ನೇ ಹಿಡಿದು, ಸಣ್ಣ ಸಣ್ಣ ಎಲೆಗಳಂಥ ತುಂಡುಗಳನ್ನು ಜೋಡಿಸಿ ನೆರಳಿನ ಚಾವಣಿ ಮಾಡಿದರು. ನಿಮ್ಮ ಚಪ್ಪರದ ಗರಿಯೂ ಅದೇ ಕೆಲಸ ಮಾಡಿತು.

ಚಪ್ಪರ ಬೇಡ ಅಂದರೆ ಬಿಳಿ ಸುಣ್ಣ. ಸಹಾರಾ ಮರುಭೂಮಿಯಲ್ಲಿ ಬೆಳ್ಳಿ ಬಣ್ಣದ ಇರುವೆ ಇದೆ. ಮೈ ಮೇಲಿನ ಕೂದಲು ಮುಮ್ಮೂಲೆ ಆಕಾರದ್ದು. ಅದು ಬಿಸಿಲನ್ನು ವಾಪಸ್ ಎಸೆಯುತ್ತದೆ, ಮೈಯ ಕಾವನ್ನು ಆಕಾಶಕ್ಕೆ ಬಿಡಲೂ ಸಹಾಯ ಮಾಡುತ್ತದೆ. 2015ರಲ್ಲಿ ಇದರ ವಿವರ ಪ್ರಕಟವಾಯಿತು. ತಾರಸಿಗೆ ಬಿಳಿ ಬಳಿಯುವುದೂ ಅದೇ ದಾರಿ, ಬಹಳ ಅಗ್ಗ. ಧೂಳು ಕೂತರೆ ಕೆಲಸ ಕಡಿಮೆ, ಹಾಗಾಗಿ ಯುಗಾದಿಗೆ ಮುಂಚೆ ಒಂದು ಕೈ ಹೊಡೆಸಿ.

ಬಿಲ್ ಕಟ್ಟುವವ
ಏಪ್ರಿಲ್ 12, ರಾತ್ರಿ 8:15

ಮಣ್ಣಿನ ಕೊಳವೆ ಮೇಲೆ ನೀರು ಬಿಟ್ಟು ಗಾಳಿ ತಂಪು ಮಾಡುವುದು ಇದೆಯಂತಲ್ಲ, ಜೇನುಗೂಡಿನ ಥರ?

ಸೈಟ್ ಇಂಜಿನಿಯರ್
ಏಪ್ರಿಲ್ 12, ರಾತ್ರಿ 9:00

ಇದೆ. ದೆಹಲಿಯ ಆಂಟ್ ಸ್ಟುಡಿಯೊದವರು ನೋಯ್ಡಾದ ಒಂದು ಕಾರ್ಖಾನೆಯಲ್ಲಿ ಮಾಡಿದರು. ಜನರೇಟರಿನ ಬಿಸಿ ಗಾಳಿಗೆ ಅಡ್ಡಲಾಗಿ ಸುಟ್ಟ ಮಣ್ಣಿನ ಕೊಳವೆಗಳ ಗುಡ್ಡೆ, ಮೇಲಿನಿಂದ ನೀರು. ಮಡಕೆ ನೀರು ತಂಪಾಗುವ ಲೆಕ್ಕವೇ. ನಮ್ಮ ಬೇಸಿಗೆ ಒಣ ಬೇಸಿಗೆ, ಕೆಲಸ ಮಾಡುತ್ತದೆ. ಆದರೆ ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುವ ಮನೆಯಲ್ಲಿ ತಂಪಿಗೆ ನೀರು ಖರ್ಚು ಮಾಡಿ ಅಂತ ಹೇಳಲು ನನಗೆ ಬಾಯಿ ಬರಲ್ಲ. ಕೋಟೆ ಊರಿನವರು ಹೇಳಿದ ಹಾಗೆ ಸಂಪಿನಲ್ಲಿ ಮಳೆ ನೀರು ಇದ್ದರೆ ಆಮೇಲೆ ಯೋಚಿಸಿ.

ಹಿಂದೆ ಕೇಳಿದ್ದಿರಿ, ಕಳ್ಳರು, ಸೊಳ್ಳೆ. ಕಿಟಕಿ ತೆರೆಯಬೇಕಾಗಿಲ್ಲ. ಗೋಡೆ ಕೆಳಗೆ ಒಂಬತ್ತು ಇಂಚು ಎತ್ತರದ ಉದ್ದ ಕಿಂಡಿ, ಕಬ್ಬಿಣದ ಸರಳು, ಜಾಲರಿ. ಓಬವ್ವನ ಕಿಂಡಿಗಿಂತ ಸಣ್ಣದಿರಲಿ. ಗಾಳಿ ಬರಬೇಕು, ಮನುಷ್ಯ ಬರಬಾರದು. ಸೊಳ್ಳೆ ಜಾಲರಿ ಗಾಳಿಯನ್ನು ತುಂಬಾ ತಡೆಯುತ್ತದೆ, ಅದಕ್ಕೆ ಕಿಂಡಿ ಬೇಕಾದ್ದಕ್ಕಿಂತ ಉದ್ದ ಇರಲಿ. ಧೂಳು ಬರುತ್ತದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಪೊರಕೆ ಇದೆ.

ಹದಡಿ ರಸ್ತೆ
ಏಪ್ರಿಲ್ 20, ರಾತ್ರಿ 10:30

ಒಂದು ವಾರ ಸುಮ್ಮನೆ ಕೂರಲಿಲ್ಲ. ಅಳಿಯ ಎರಡು ಥರ್ಮಾಮೀಟರ್ ತಂದ. ಈಗಿರುವ ಬಾಡಿಗೆ ಮನೆಯಲ್ಲೇ ನೋಡಿದೆವು. ಮೊದಲ ಮೂರು ದಿನ ಯಾವಾಗಿನ ಹಾಗೆ, ರಾತ್ರಿ ಎಲ್ಲಾ ಮುಚ್ಚಿ. ರಾತ್ರಿ 11ಕ್ಕೆ ಹೊರಗೆ 27, ನಮ್ಮ ಕೋಣೆಯಲ್ಲಿ 34. ಬೆಳಿಗ್ಗೆ 6ಕ್ಕೆ ಹೊರಗೆ 23, ಒಳಗೆ ಇನ್ನೂ 32!

ಆಮೇಲೆ ಮೆಟ್ಟಿಲ ಮೇಲಿನ ಹೆಡ್‌ರೂಮ್ ಕಿಟಕಿಗೆ ಅಡುಗೆಮನೆಯ ಹಳೇ ಎಕ್ಸಾಸ್ಟ್ ಫ್ಯಾನ್ ಕಟ್ಟಿದೆವು. ಕೆಳಗಿನ ಎರಡು ಕಿಟಕಿಗೆ ಜಾಲರಿ ಹಾಕಿ ರಾತ್ರಿ ಪೂರ್ತಿ ತೆರೆದೆವು. ಬೆಳಿಗ್ಗೆ 7ಕ್ಕೆ ಎಲ್ಲಾ ಮುಚ್ಚಿ, ಪರದೆ ಎಳೆದೆವು. ಈಗ ಬೆಳಿಗ್ಗೆ 6ಕ್ಕೆ ಒಳಗೆ 27. ಮಧ್ಯಾಹ್ನ 3ಕ್ಕೆ ಮೊದಲು 36 ಇರುತ್ತಿತ್ತು, ಈಗ 33. ನಮ್ಮ ಮನೆಯವಳು ಮೊದಲು ನಕ್ಕಿದ್ದಳು. ಮೊನ್ನೆ ಅವಳೇ ಏಳು ಗಂಟೆಗೆ ಕಿಟಕಿ ಮುಚ್ಚಿದಳು. 33 ಅಂದರೆ ತಂಪಲ್ಲ, ಗೊತ್ತು. ಆದರೆ ನಿದ್ದೆ ಬಂತು.

ಹೊಸದಕ್ಕೆ ಹೀಗೆ ಅಂದುಕೊಂಡಿದ್ದೇನೆ. ಪಶ್ಚಿಮಕ್ಕೆ ಗಾಜು ಇಲ್ಲ, ಇಟ್ಟಿಗೆ ಜಾಲಿ, ಅಂದರೆ ಗಾಳಿಯಾಡುವ ಹಾಗೆ ತೂತು ಬಿಟ್ಟು ಕಟ್ಟಿದ್ದು. ಅದರ ಹಿಂದೆ ಮೂರಡಿ ಬಿಟ್ಟು ಗೋಡೆ. ಉತ್ತರದಲ್ಲಿ ದೊಡ್ಡ ಕಿಟಕಿ, ಮಿಲ್ಲು ಅಣ್ಣನವರ ಮಾತಿನಂತೆ. ಮೆಟ್ಟಿಲನ್ನೇ ಚಿಮಣಿ ಮಾಡೋಣ ಅಂತಿದ್ದೆ. ತಾರಸಿಗೆ ಬಿಳಿ, ಸಂಪು 20,000 ಲೀಟರ್. ಪ್ಲಾನ್‌ನವರು ‘ಬಾಡಿಗೆಗೆ ಹೋಗಲ್ಲ ಸರ್, ಲುಕ್ ಇಲ್ಲ’ ಅಂದರು. ಬಿಲ್ ಕಟ್ಟುವವರೇ, ನಿಮ್ಮ ಈಗಿನ ಕರಾರು ಯಾವಾಗ ಮುಗಿಯುತ್ತದೆ?

ಬಿಲ್ ಕಟ್ಟುವವ
ಏಪ್ರಿಲ್ 20, ರಾತ್ರಿ 10:41

ಡಿಸೆಂಬರ್. ಬಾಡಿಗೆ ಜಾಸ್ತಿ ಹೇಳಬೇಡಿ.

ಸೈಟ್ ಇಂಜಿನಿಯರ್
ಏಪ್ರಿಲ್ 21, ಬೆಳಿಗ್ಗೆ 6:40

ಎರಡು ಮಾತು. ಸ್ವಂತ ಮನೆಯಾದರೆ ಮೆಟ್ಟಿಲು ಚಿಮಣಿ ಆಗಬಹುದು. ನಿಮ್ಮಲ್ಲಿ ಅಂಗಡಿ, ಆಫೀಸು ಇವೆ. ಬೆಂಕಿ ಬಿದ್ದರೆ ಹೊಗೆಯೂ ಅದೇ ದಾರಿ ಹಿಡಿಯುತ್ತದೆ, ಜನ ಇಳಿಯುವ ದಾರಿಯೂ ಅದೇ. ಬೇಡ. ಹಿಂಭಾಗದಲ್ಲಿ ಮಹಡಿಗೊಂದರಂತೆ ಬೇರೆ ಬೇರೆ ಇಟ್ಟಿಗೆ ಡಕ್ಟ್ (ಗಾಳಿ ಹೋಗುವ ಕೊಳವೆ) ಎಬ್ಬಿಸಿ, ತಾರಸಿಯಿಂದ ಐದಡಿ ಮೇಲಕ್ಕೆ. ಒಂದೊಂದಕ್ಕೂ ಫ್ಯಾನ್, ಟೈಮರ್.

ಎರಡನೆಯದು, ಮಳಿಗೆಗಳಿಗೆ ಪಿ.ಓ.ಪಿ. ಸೀಲಿಂಗ್ ಮಾಡಲು ಬಿಡಬೇಡಿ. ರಾತ್ರಿ ತಣ್ಣಗಾಗಬೇಕಾದ ಚಪ್ಪಡಿಗೆ ಕಂಬಳಿ ಹೊದಿಸಿದ ಹಾಗೆ. ಕರಾರಿನಲ್ಲೇ ಬರೆಸಿ.

ಹದಡಿ ರಸ್ತೆ
ಏಪ್ರಿಲ್ 21, ಬೆಳಿಗ್ಗೆ 8:05

ಆಯ್ತು ಸರ್. ಡಕ್ಟ್ ತುದಿಗೆ ಏನು ಹಾಕಲಿ? ಪಾರಿವಾಳದ ಕಾಟ ನಮ್ಮಲ್ಲಿ ಜಾಸ್ತಿ.

ಸೈಟ್ ಇಂಜಿನಿಯರ್
ಏಪ್ರಿಲ್ 21, ಬೆಳಿಗ್ಗೆ 8:20

ಮೇಲೆ ಕಲ್ಲು ಚಪ್ಪಡಿ ಟೋಪಿ, ನಾಲ್ಕು ಕಡೆ ಅರ್ಧ ಇಂಚಿನ ಸ್ಟೀಲ್ ಜಾಲರಿ. ಒಳಗೆ ಮುಚ್ಚಿ ತೆಗೆಯುವ ತಗಡಿನ ಬಾಗಿಲು, ಅದರ ಹಗ್ಗ ಅಡುಗೆಮನೆವರೆಗೂ ಇಳಿದು ಬರಬೇಕು. ಹಗಲು ಮುಚ್ಚಲು ತಾರಸಿ ಹತ್ತಬೇಕು ಅಂದರೆ ನಾಲ್ಕನೇ ದಿನದಿಂದ ಯಾರೂ ಮುಚ್ಚಲ್ಲ.